ಸ್ಕೂಟರಿನ ಮೋಟಾರ್ ಕಂಟ್ರೋಲರ್: ಕಾಂಪೊನೆಂಟ್‌ಗಳಾಗಿ ಒಡೆಯುವುದು, ಸಮಯದ ಲೆಕ್ಕ ಹಾಕುವುದು

ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರ್ ಕಂಟ್ರೋಲರ್ ಒಂದನ್ನು ಬಿಡಿ ಕಾಂಪೊನೆಂಟ್‌ಗಳಿಂದ ಕಟ್ಟಿ, ಎಲ್ಲವೂ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ ನೋಡುವ ಕ್ರಮ ಇಲ್ಲಿದೆ. ಚಿಪ್ ಎಸ್‌ಟಿಎಂ32ಎಫ್407: ಕಾರ್ಟೆಕ್ಸ್-ಎಂ4 ಕೋರ್, 168 ಮೆಗಾಹರ್ಟ್ಜ್, 192 ಕೆಬಿ ರ್‍ಯಾಮ್. ಅದರ ಮೇಲೆ ಫ್ರೀಆರ್‌ಟಿಓಎಸ್, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ (ಆರ್‌ಟಿಓಎಸ್). ಚಿಪ್ ಬೇರೆಯಾದರೂ ಆರ್‌ಟಿಓಎಸ್ ಬೇರೆಯಾದರೂ ಲೆಕ್ಕದ ದಾರಿ ಇದೇ. ಅಂಕಿಗಳು ಬದಲಾಗುತ್ತವೆ, ಎಡವುವ ಜಾಗಗಳು ಬದಲಾಗುತ್ತವೆ, ಅಷ್ಟೆ.

ಕಾಂಪೊನೆಂಟ್ ಎಂದರೆ ಒಂದು ಸಿ ಫೈಲು, ಅದಕ್ಕೊಂದು ಹೆಡರ್ ಎಂದುಕೊಂಡವರೇ ಹೆಚ್ಚು. ಫಂಕ್ಷನ್ನಿಗೆ ಏನು ಕೊಡಬೇಕು, ಅದರಿಂದ ಏನು ಬರುತ್ತದೆ ಎಂಬುದು ಹೆಡರಿನಲ್ಲಿ ಇರುತ್ತದೆ. ಅದು ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಯಾವ ಲಾಕ್ ತೆಗೆದುಕೊಳ್ಳುತ್ತದೆ, ಎಷ್ಟು ಹಳೆಯ ಡೇಟಾ ಬಂದರೂ ನಡೆಯುತ್ತದೆ ಎಂಬುದು ಎಲ್ಲೂ ಇರುವುದಿಲ್ಲ. ರಿಯಲ್-ಟೈಮ್ ಕೆಲಸದಲ್ಲಿ ಎರಡು ಕಾಂಪೊನೆಂಟ್‌ಗಳು ಜಗಳವಾಡುವುದು ಹೆಡರಿನಲ್ಲಿ ಬರೆಯದೆ ಉಳಿದ ಈ ವಿಷಯಗಳಲ್ಲೇ. ಬಿಡಿಯಾಗಿ ಪರೀಕ್ಷೆ ಮಾಡಿದಾಗ ಎರಡೂ ಪಾಸ್, ಕೂಡಿಸಿದಾಗ ಫೇಲ್.

ಹಳೆಯ ಕಾಂಪೊನೆಂಟನ್ನು ಹೊಸ ಜಾಗಕ್ಕೆ ಎತ್ತಿಟ್ಟು ಕೆಟ್ಟದ್ದಕ್ಕೆ ಎಲ್ಲರೂ ಹೇಳುವ ಉದಾಹರಣೆ ಏರಿಯಾನ್ 5. 1996ರ ಜೂನ್ 4ರಂದು ಅದರ ಮೊದಲ ಹಾರಾಟ ಸುಮಾರು 40 ಸೆಕೆಂಡಿನಲ್ಲೇ ಮುಗಿಯಿತು. ಏರಿಯಾನ್ 4ರಿಂದ ತಂದ ದಿಕ್ಸೂಚಕ ಸಾಫ್ಟ್‌ವೇರ್ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಇಳಿಸುತ್ತಿತ್ತು. ಹಳೆಯ ರಾಕೆಟ್ಟಿನ ವೇಗಕ್ಕೆ ಅದು ಸಾಕಾಗಿತ್ತು, ಹೊಸದರ ವೇಗಕ್ಕೆ ಸಾಲಲಿಲ್ಲ. ಬ್ಯಾಕಪ್ ಘಟಕದಲ್ಲಿ ಓಡುತ್ತಿದ್ದದ್ದೂ ಅದೇ ಕೋಡ್, ಹಾಗಾಗಿ ಅದೂ ಬಿತ್ತು. ಇನ್ನೊಂದು ಮಾತು: ಆ ಲೆಕ್ಕದ ಅಗತ್ಯ ಏರಿಯಾನ್ 5ಕ್ಕೆ ನೆಲ ಬಿಟ್ಟ ಮೇಲೆ ಇರಲೇ ಇಲ್ಲ.

ಮೊದಲು ಕರಾರು, ಆಮೇಲೆ ಕೋಡ್

ಪ್ರತಿ ಕಾಂಪೊನೆಂಟಿಗೂ ಅರ್ಧ ಪುಟದ ಕರಾರು ಪತ್ರ ಬರೆಯಿರಿ. ಅದನ್ನು ರೆಪೊಸಿಟರಿಯಲ್ಲಿ ಕೋಡಿನ ಪಕ್ಕದಲ್ಲೇ ಇಡಿ. ಬೇರೆ ವಿಕಿಯಲ್ಲಿಟ್ಟರೆ ಎರಡನೇ ರಿಲೀಸ್ ಹೊತ್ತಿಗೆ ಅದು ಸುಳ್ಳಾಗಿರುತ್ತದೆ. ಥ್ರಾಟಲ್ (ಆಕ್ಸಿಲರೇಟರ್ ಹಿಡಿ) ಓದುವ ಕಾಂಪೊನೆಂಟಿನ ಕರಾರು ಹೀಗಿರಬಹುದು:

- ಆವರ್ತ (ಎಷ್ಟು ಹೊತ್ತಿಗೊಮ್ಮೆ ಓಡಬೇಕು) 5 ಮಿ.ಸೆ. (ಮಿಲಿಸೆಕೆಂಡ್), ಡೆಡ್‌ಲೈನ್ 5 ಮಿ.ಸೆ.
- ಗರಿಷ್ಠ ಓಟದ ಸಮಯ 300 ಮೈ.ಸೆ., ಅಂದರೆ ಮೈಕ್ರೊಸೆಕೆಂಡ್ (168 ಮೆಗಾಹರ್ಟ್ಜ್, ಯಾವ ಕಂಪೈಲರ್, ಯಾವ ಆಪ್ಟಿಮೈಸೇಷನ್ ಮಟ್ಟ ಎಂಬುದೂ ಸೇರಿ)
- ಒಳಕ್ಕೆ: ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಘಟಕ) ಮೌಲ್ಯ 0ರಿಂದ 4095, 2 ಮಿ.ಸೆ.ಗಿಂತ ಹಳೆಯದಾಗಿರಬಾರದು
- ಹೊರಕ್ಕೆ: ಟಾರ್ಕ್ ಬೇಡಿಕೆ 0ರಿಂದ 1000, ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ, ಸಮಯದ ಮುದ್ರೆಯೊಂದಿಗೆ
- ಲಾಕ್: ಪ್ಯಾರಾಮೀಟರ್ ಕೋಷ್ಟಕದ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಸಿಗುವ ಲಾಕ್) ಒಂದೇ
- ಸ್ಟ್ಯಾಕ್ (ಓಡುವಾಗ ಬೇಕಾಗುವ ಕೆಲಸದ ಮೆಮೊರಿ): 160 ವರ್ಡ್
- ಕೆಟ್ಟಾಗ: ಸೆನ್ಸರ್ ವೋಲ್ಟೇಜ್ ವ್ಯಾಪ್ತಿಯಿಂದ ಹೊರಹೋದರೆ ಟಾರ್ಕ್ 0, ದೋಷದ ಗುರುತು ಮೇಲಕ್ಕೆ

ಕೊನೆಯ ಸಾಲನ್ನು ಬಿಡಬೇಡಿ. ಹಾಲ್ ಸೆನ್ಸರಿನ (ಕಾಂತಕ್ಷೇತ್ರ ಓದುವ) ಥ್ರಾಟಲ್ ಬಿಟ್ಟಾಗಲೂ ಸೊನ್ನೆ ವೋಲ್ಟಿಗೆ ಇಳಿಯುವುದಿಲ್ಲ, ಸುಮಾರು 0.8 ವೋಲ್ಟಿನಲ್ಲಿ ನಿಲ್ಲುತ್ತದೆ. ಸೊನ್ನೆ ಕಂಡರೆ ವೈರ್ ಕಡಿದಿದೆ ಎಂದರ್ಥ. ನೆಲದ ವೈರ್ ಕಡಿದರೆ ಇದರ ತದ್ವಿರುದ್ಧ: ಸಿಗ್ನಲ್ ಮೇಲಕ್ಕೆ ಏರುತ್ತದೆ, ಸವಾರ ಪೂರ್ತಿ ತಿರುಗಿಸಿದಂತೆಯೇ ಕಾಣುತ್ತದೆ. ಮೇಲಿನ ಮಿತಿಯನ್ನೂ ಪರೀಕ್ಷಿಸಲೇಬೇಕೆನ್ನುವುದು ಇದಕ್ಕೇ.

ಒಡೆಯುವುದು ಎಲ್ಲಿ

ಸಾಫ್ಟ್‌ವೇರಿಗೆ ಕೊಡಬಾರದ ಕೆಲಸವನ್ನು ಮೊದಲು ತೆಗೆದಿಡಿ. ಮೋಟಾರಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ಮಾಸ್‌ಫೆಟ್ ಶಾರ್ಟ್ ಆದಾಗ ಸಿಗುವ ಸಮಯ ಕೆಲವೇ ಮೈಕ್ರೊಸೆಕೆಂಡ್. ಯಾವ ಟಾಸ್ಕೂ (ಓಎಸ್ ಸರದಿಯಲ್ಲಿ ಓಡಿಸುವ ಕೆಲಸ) ಯಾವ ಇಂಟರಪ್ಟೂ (ಓಡುತ್ತಿರುವುದನ್ನು ತಡೆದು ಹಾರ್ಡ್‌ವೇರ್ ಎಬ್ಬಿಸುವ ಕೋಡ್) ಅದನ್ನು ನಂಬಿಕೆಯಿಂದ ಹಿಡಿಯಲಾರದು. ಮಿತಿ ದಾಟಿದ್ದನ್ನು ಗುರುತಿಸುವ ಕಂಪ್ಯಾರೇಟರಿನ ಔಟ್‌ಪುಟ್ಟನ್ನು ನೇರವಾಗಿ ಟೈಮರ್ 1ರ ಬ್ರೇಕ್ ಪಿನ್ನಿಗೆ ಕೊಡಿ. ಪ್ರೊಸೆಸರ್ ನೇತುಬಿದ್ದಿದ್ದರೂ ಪಿಡಬ್ಲ್ಯುಎಂ (ಮಾಸ್‌ಫೆಟ್‌ಗಳನ್ನು ಆನ್-ಆಫ್ ಮಾಡುವ ಸಿಗ್ನಲ್) ನಿಲ್ಲುತ್ತದೆ.

ಕರೆಂಟ್ ಅಳೆಯುವ ಕ್ಷಣವೂ ಹಾರ್ಡ್‌ವೇರಿನ ಕೈಯಲ್ಲೇ ಇರಲಿ. ಟೈಮರ್ 1 ಮಧ್ಯ-ಸಮಮಿತ ಕ್ರಮದಲ್ಲಿ (ಪ್ರತಿ ಸುತ್ತಿಗೂ ಮೇಲಕ್ಕೆ ಎಣಿಸಿ ಮತ್ತೆ ಕೆಳಕ್ಕೆ), 10 ಕಿಲೊಹರ್ಟ್ಜ್‌ಗೆ ಎಣಿಕೆಯ ಮಿತಿ 8400 (168,000,000 ಭಾಗಿಸು 20,000). ಆ ಟೈಮರೇ ಎಡಿಸಿಯನ್ನು ಚುಚ್ಚಲಿ, ಎಡಿಸಿ ಮುಗಿದಾಗ ಇಂಟರಪ್ಟ್ ಬರಲಿ. ಇಂಟರಪ್ಟ್ 3 ಮೈ.ಸೆ. ತಡವಾದರೂ ಅಳತೆ ತೆಗೆದ ಕ್ಷಣ ಕದಲುವುದಿಲ್ಲ. ಇಂಟರಪ್ಟಿನೊಳಗಿಂದ ಎಡಿಸಿ ಶುರುಮಾಡಿದರೆ ಆ ಅಲುಗಾಟವೆಲ್ಲ ಕರೆಂಟಿನ ಅಳತೆಗೆ ಗದ್ದಲವಾಗಿ ಸೇರುತ್ತದೆ. ಆಮೇಲೆ ಫಿಲ್ಟರ್ ಮೇಲೆ ಫಿಲ್ಟರ್ ಹಾಕುವ ಚಾಳಿ ಶುರುವಾಗುತ್ತದೆ.

ಉಳಿದದ್ದನ್ನು ಕಾಂಪೊನೆಂಟ್‌ಗಳಾಗಿ ಒಡೆಯಿರಿ, ಆದರೆ ಪ್ರತಿ ಕಾಂಪೊನೆಂಟಿಗೂ ಒಂದು ಟಾಸ್ಕ್ ಕೊಡಬೇಡಿ. ಎರಡನ್ನೂ ಒಂದೇ ಎಂದು ತಿಳಿದು 25 ಟಾಸ್ಕ್ ಮಾಡಿಟ್ಟ ಕೋಡ್ ನೋಡಸಿಗುತ್ತದೆ. ಪ್ರತಿ ಟಾಸ್ಕಿಗೂ ಬೇರೆ ಸ್ಟ್ಯಾಕ್ ಬೇಕು, ಟಾಸ್ಕಿನಿಂದ ಟಾಸ್ಕಿಗೆ ಆಗುವ ಪ್ರತಿ ಅದಲುಬದಲಿಗೂ ಸಮಯ ಬೇಕು, ಮಾತಾಡಿಕೊಳ್ಳಲು ಕ್ಯೂ ಬೇಕು. ಆವರ್ತ ಒಂದೇ, ತುರ್ತು ಒಂದೇ ಇರುವ ಕಾಂಪೊನೆಂಟ್‌ಗಳು ಒಂದೇ ಟಾಸ್ಕಿನಲ್ಲಿ ಸಾಲಾಗಿ ಓಡಲಿ. ಥ್ರಾಟಲ್, ಬ್ರೇಕ್ ಸ್ವಿಚ್, ಡ್ರೈವ್ ಮೋಡ್ ಈ ಮೂರೂ 5 ಮಿ.ಸೆ. ಟಾಸ್ಕಿನಲ್ಲಿ ಒಂದರ ಹಿಂದೊಂದು ಬಂದರೆ ಅವುಗಳ ನಡುವೆ ಲಾಕೇ ಬೇಡ. ವಾಹನ ಉದ್ಯಮದ ಆಟೋಸಾರ್ ಮಾನದಂಡ ಮಾಡುವುದೂ ಇದನ್ನೇ. ಅಲ್ಲಿ ಕಾಂಪೊನೆಂಟಿನ ಒಳಗೆ ಓಡುವ ತುಂಡುಗಳು ಬೇರೆ, ಅವುಗಳನ್ನು ಹೊತ್ತು ಓಡುವ ಓಎಸ್ ಟಾಸ್ಕ್ ಬೇರೆ. ಯಾವುದು ಯಾವುದರ ಮೇಲೆ ಎಂಬುದನ್ನು ಜೋಡಿಸುವ ಹಂತದಲ್ಲಿ ತೀರ್ಮಾನಿಸುತ್ತಾರೆ.

ಪೋರ್ಟ್‌ಗಳು: ಈಗಿನ ಮೌಲ್ಯವೋ, ಸರದಿಯೋ

ಕಾಂಪೊನೆಂಟ್‌ಗಳ ನಡುವೆ ಎರಡೇ ಬಗೆಯ ಪೋರ್ಟ್ ಸಾಕು. ವೇಗ, ಉಷ್ಣಾಂಶ, ಟಾರ್ಕ್ ಬೇಡಿಕೆಯಂಥವಕ್ಕೆ ಇತ್ತೀಚಿನ ಮೌಲ್ಯವನ್ನಷ್ಟೇ ಇಟ್ಟುಕೊಳ್ಳುವ ಪೋರ್ಟ್. ಹಳೆಯದು ಅಳಿಸಿಹೋದರೆ ನಷ್ಟವಿಲ್ಲ. ದೋಷದ ಸುದ್ದಿ, ಗುಂಡಿ ಒತ್ತಿದ್ದು, ಕ್ಯಾನ್ ಬಸ್ಸಿನ (ವಾಹನದ ಘಟಕಗಳು ಮಾತಾಡಿಕೊಳ್ಳುವ ತಂತಿ) ಸಂದೇಶ ಇಂಥವಕ್ಕೆ ಸರದಿ, ಅಂದರೆ ಕ್ಯೂ. ಥ್ರಾಟಲ್ ಮೌಲ್ಯವನ್ನು ಹತ್ತು ಜಾಗದ ಕ್ಯೂಗೆ ಹಾಕಿದರೆ ಏನಾಗುತ್ತದೆ ನೋಡಿ: ಓದುವವನು ಒಂದು ಸಲ ತಡಮಾಡಿ ಕ್ಯೂ ತುಂಬಿತೆಂದರೆ, ಅಲ್ಲಿಂದ ಮುಂದೆ ಅವನಿಗೆ ಸಿಗುವುದೆಲ್ಲ 50 ಮಿ.ಸೆ. ಹಳೆಯ ಮೌಲ್ಯವೇ. ಕ್ಯೂ ತಾನಾಗಿ ಖಾಲಿಯಾಗುವುದಿಲ್ಲ, ಏಕೆಂದರೆ ಎರಡೂ ಕಡೆ ಒಂದೇ ವೇಗ.

ಕರೆಂಟ್ ಲೂಪಿನ (ಅಳೆದ ಕರೆಂಟ್ ನೋಡಿ ಪಿಡಬ್ಲ್ಯುಎಂ ತಿದ್ದುವ ಕೋಡಿನ) ಇಂಟರಪ್ಟ್ ಮತ್ತು ಟಾಸ್ಕ್‌ಗಳ ನಡುವೆ ಲಾಕ್ ಬಳಸುವಂತಿಲ್ಲ. ಟಾಸ್ಕಿನಿಂದ ಇಂಟರಪ್ಟಿಗೆ ಕೊಡುವಾಗ ಎರಡು ಬಫರ್ ಇಡಿ. ಬಳಕೆಯಲ್ಲಿಲ್ಲದ ಬಫರನ್ನು ಪೂರ್ತಿ ತುಂಬಿ, ಕೊನೆಗೆ ಸೂಚ್ಯಂಕವನ್ನು ಬದಲಿಸಿ. 32 ಬಿಟ್‌ನ ಹೊಂದಿಕೊಂಡ ಬರಹ ಒಂದೇ ಏಟಿಗೆ ಆಗುವುದರಿಂದ ಇಂಟರಪ್ಟಿಗೆ ಅರ್ಧಂಬರ್ಧ ಡೇಟಾ ಸಿಗುವುದಿಲ್ಲ. ಇಂಟರಪ್ಟಿನಿಂದ ಟಾಸ್ಕಿಗೆ ಬರುವಾಗ ಒಂದು ಎಣಿಕೆ ಇಡಿ: ಓದುವ ಮುಂಚೆ ಎಣಿಕೆ ನೋಡಿ, ನಕಲು ಮಾಡಿ, ಮತ್ತೆ ಎಣಿಕೆ ನೋಡಿ. ಬದಲಾಗಿದ್ದರೆ ಮತ್ತೊಮ್ಮೆ ಓದಿ. ಮರು ಓದಿನ ಸಮಯವನ್ನೂ ಓಟದ ಸಮಯಕ್ಕೆ ಸೇರಿಸಬೇಕು. ಕಂಪೈಲರ್ ಸಾಲುಗಳ ಕ್ರಮ ಬದಲಿಸದಂತೆ ಬ್ಯಾರಿಯರ್ ಹಾಕಬೇಕು. ಡಿಬಗ್ ಬಿಲ್ಡಿನಲ್ಲಿ ಸರಿಯಿದ್ದು ರಿಲೀಸ್ ಬಿಲ್ಡಿನಲ್ಲಿ ಕೆಡುವುದಕ್ಕೆ ಈ ಬ್ಯಾರಿಯರ್ ಮರೆತದ್ದೇ ಕಾರಣವಾಗಿರುವುದು ಹೆಚ್ಚು.

ಓಟದ ಸಮಯ ಅಳೆಯುವುದು

ಕೋರಿನೊಳಗೇ ಒಂದು ಸೈಕಲ್ ಎಣಿಕೆಯ ರಿಜಿಸ್ಟರ್ ಇದೆ. ಡಿಬಗ್ ಘಟಕದ ಟ್ರೇಸ್ ಬಿಟ್, ಎಣಿಕೆಯ ಸ್ವಂತ ಬಿಟ್ ಎರಡನ್ನೂ ಆನ್ ಮಾಡಿದರೆ ಅದು ಓಡಲು ಶುರು. 168 ಮೆಗಾಹರ್ಟ್ಜ್‌ನಲ್ಲಿ ಸುಮಾರು 25.6 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಚಿಹ್ನೆಯಿಲ್ಲದ 32 ಬಿಟ್ ವ್ಯವಕಲನ ಮಾಡಿದರೆ ಇದರಿಂದ ತೊಂದರೆಯಿಲ್ಲ. 3696 ಸೈಕಲ್ ಬಂದರೆ 22 ಮೈ.ಸೆ. ಎಂದು ಲೆಕ್ಕ. ಟಾಸ್ಕ್ ಅಳೆಯುವಾಗ ನಡುವೆ ನುಗ್ಗಿದ ಇಂಟರಪ್ಟ್‌ಗಳ ಸಮಯವನ್ನು ಕಳೆಯಬೇಕು, ಇಲ್ಲದಿದ್ದರೆ ಮುಂದಿನ ಲೆಕ್ಕದಲ್ಲಿ ಅದೇ ಸಮಯ ಎರಡು ಸಲ ಬರುತ್ತದೆ.

ಅಳತೆಯಲ್ಲಿ ಕಂಡ ಗರಿಷ್ಠವೇ ನಿಜವಾದ ಗರಿಷ್ಠವಲ್ಲ. ಅದನ್ನು ಸಮೀಪಿಸಲು ಮೂರು ದಾರಿ. ಒಂದು, ಅತಿ ಉದ್ದದ ಶಾಖೆಗೆ ಕೋಡನ್ನು ಬೇಕೆಂದೇ ತಳ್ಳಿ: ದೋಷ ಬಂದಾಗಿನ ದಾರಿ, ಹೆಚ್ಚಿನ ವೇಗಕ್ಕಾಗಿ ಮೋಟಾರಿನ ಕಾಂತಕ್ಷೇತ್ರ ದುರ್ಬಲಗೊಳಿಸುವ ಲೆಕ್ಕ ಶುರುವಾಗುವ ವೇಗ, ಎಲ್ಲ ಬಫರ್ ತುಂಬಿದ ಸ್ಥಿತಿ. ಎರಡು, ಫ್ಲ್ಯಾಶ್‌ನ ಕ್ಯಾಶ್ ಆಫ್ ಮಾಡಿ ಒಮ್ಮೆ ಅಳೆಯಿರಿ. 168 ಮೆಗಾಹರ್ಟ್ಜ್‌ನಲ್ಲಿ ಫ್ಲ್ಯಾಶ್ ಓದಲು 5 ಸೈಕಲ್ ಕಾಯಬೇಕು, ಸಾಮಾನ್ಯವಾಗಿ ಕ್ಯಾಶ್ ಅದನ್ನು ಮುಚ್ಚಿಡುತ್ತದೆ. ಹಿಂದಿನ ಟಾಸ್ಕ್ ಕ್ಯಾಶನ್ನು ತನ್ನದರಿಂದ ತುಂಬಿಟ್ಟಿದ್ದರೆ ಆಗುವ ಕೆಡುಕು ಎಷ್ಟೆಂದು ಹೀಗೆ ಗೊತ್ತಾಗುತ್ತದೆ. ಮೂರು, ಇಷ್ಟಾದ ಮೇಲೂ ಶೇ 20ರಿಂದ 30 ಅಂಚು ಸೇರಿಸಿ.

ಸುಮ್ಮನೆ ಸಮಯ ತಿನ್ನುವುದರಲ್ಲಿ ಮೊದಲ ಸ್ಥಾನ ದಶಮಾಂಶ ಸಂಖ್ಯೆಗಳದು. ಈ ಕೋರಿನ ಗಣಿತ ಘಟಕ 32 ಬಿಟ್‌ನದು ಮಾತ್ರ. ಕೋಡಿನಲ್ಲಿ 0.5 ಎಂದು ಬರೆದು ಕೊನೆಗೆ ಎಫ್ ಅಕ್ಷರ ಹಾಕದಿದ್ದರೆ ಕಂಪೈಲರ್ ಅದನ್ನು 64 ಬಿಟ್‌ಗೆ ಏರಿಸಿ, ಇಡೀ ಗುಣಾಕಾರವನ್ನು ಸಾಫ್ಟ್‌ವೇರಿನಲ್ಲಿ ಮಾಡಿಸುತ್ತದೆ. ಒಂದೆರಡು ಸೈಕಲ್ಲಿನ ಕೆಲಸ ಹತ್ತಾರು ಸೈಕಲ್ ಆಗುತ್ತದೆ. ಜಿಸಿಸಿಯಲ್ಲಿ ಡಬಲ್-ಪ್ರಮೋಷನ್ ಎಚ್ಚರಿಕೆಯನ್ನು ಆನ್ ಮಾಡಿ, ಅದನ್ನು ಎರರ್ ಎಂದೇ ಪರಿಗಣಿಸಿ.

ಲೆಕ್ಕ

ಮುಂದಿನ ಅಂಕಿಗಳು ವಿವರಣೆಗೆಂದು ಆರಿಸಿದವು. ನಿಮ್ಮ ಬೋರ್ಡಿನಲ್ಲಿ ಅಳೆದು ಬದಲಿಸಿಕೊಳ್ಳಿ. ತುರ್ತಿನ ಕ್ರಮದಲ್ಲಿ, ಆವರ್ತ ಮತ್ತು ಗರಿಷ್ಠ ಓಟದ ಸಮಯ:

1. ಕರೆಂಟ್ ಲೂಪ್ (ಇಂಟರಪ್ಟ್): 100 ಮೈ.ಸೆ., 22 ಮೈ.ಸೆ.
2. ವೇಗ ಮತ್ತು ಟಾರ್ಕ್: 1 ಮಿ.ಸೆ., 140 ಮೈ.ಸೆ.
3. ಥ್ರಾಟಲ್, ಬ್ರೇಕ್: 5 ಮಿ.ಸೆ., 300 ಮೈ.ಸೆ.
4. ಕ್ಯಾನ್ ಸಂವಹನ: 10 ಮಿ.ಸೆ., 900 ಮೈ.ಸೆ.
5. ಉಷ್ಣ ಮತ್ತು ಬ್ಯಾಟರಿ ರಕ್ಷಣೆ: 50 ಮಿ.ಸೆ., 4 ಮಿ.ಸೆ., ಡೆಡ್‌ಲೈನ್ 20 ಮಿ.ಸೆ.
6. ಲಾಗ್ ಬರೆಯುವುದು: 100 ಮಿ.ಸೆ., 18 ಮಿ.ಸೆ.

ಉಳಿದವಕ್ಕೆ ಆವರ್ತವೇ ಡೆಡ್‌ಲೈನ್. ಪ್ರೊಸೆಸರ್ ಬಳಕೆ ಕೂಡಿಸಿದರೆ 0.22, 0.14, 0.06, 0.09, 0.08, 0.18, ಒಟ್ಟು 0.77. ಲ್ಯೂ ಮತ್ತು ಲೇಲ್ಯಾಂಡ್ 1973ರಲ್ಲಿ ಕೊಟ್ಟ ಮಿತಿ ಆರು ಟಾಸ್ಕಿಗೆ 0.735. ಅದನ್ನು ದಾಟಿದ್ದೇವೆ. ಇಲ್ಲಿಗೇ ಹೆದರಿ ದೊಡ್ಡ ಚಿಪ್ ಕೊಳ್ಳಬೇಕಿಲ್ಲ. ಆ ಮಿತಿಯೊಳಗಿದ್ದರೆ ಖಂಡಿತ ಪಾಸ್, ಹೊರಗಿದ್ದರೆ ಇನ್ನೂ ಗೊತ್ತಿಲ್ಲ ಎಂದಷ್ಟೇ ಅರ್ಥ. ಈ ಪಟ್ಟಿಯಲ್ಲಿ ಪ್ರತಿ ಆವರ್ತವೂ ಮುಂದಿನದನ್ನು ಶೇಷವಿಲ್ಲದೆ ಭಾಗಿಸುತ್ತದೆ. ಹಾಗಿದ್ದಾಗ, ಡೆಡ್‌ಲೈನ್ ಆವರ್ತಕ್ಕೆ ಸಮವಾಗಿದ್ದರೆ, ಬಳಕೆ 1.0 ತಲುಪುವವರೆಗೂ ನಡೆಯುತ್ತದೆ. 7 ಮಿ.ಸೆ., 12 ಮಿ.ಸೆ. ಎಂಬಂಥ ಆವರ್ತಗಳನ್ನು ಕಾರಣವಿಲ್ಲದೆ ಆರಿಸಬಾರದು ಎನ್ನುವುದು ಇದಕ್ಕೆ. ಆದರೆ ಐದನೆಯದರ ಡೆಡ್‌ಲೈನ್ ಆವರ್ತಕ್ಕಿಂತ ಕಡಿಮೆ, ಲಾಕ್‌ಗಳೂ ಇವೆ. ಹಾಗಾಗಿ ಪ್ರತಿಕ್ರಿಯಾ ಸಮಯದ ಪೂರ್ಣ ಲೆಕ್ಕವೇ ಬೇಕು.

ಲೆಕ್ಕ ಹೀಗೆ: ಒಂದು ಟಾಸ್ಕಿನ ಪ್ರತಿಕ್ರಿಯಾ ಸಮಯ ಎಂದರೆ ಅದರ ಸ್ವಂತ ಓಟ, ಕೆಳಗಿನವರ ಲಾಕಿಗಾಗಿ ಕಾಯುವುದು, ಮತ್ತು ಅಷ್ಟು ಹೊತ್ತಿನೊಳಗೆ ಮೇಲಿನವರು ಎಷ್ಟು ಸಲ ನುಗ್ಗಬಹುದೋ ಅಷ್ಟು ಸಲದ ಓಟ. ಎಷ್ಟು ಸಲ ಎಂದರೆ, ಪ್ರತಿಕ್ರಿಯಾ ಸಮಯವನ್ನು ಮೇಲಿನವರ ಆವರ್ತದಿಂದ ಭಾಗಿಸಿ ಮೇಲಿನ ಪೂರ್ಣಾಂಕಕ್ಕೆ ಏರಿಸಿ. ಉತ್ತರ ಸಮೀಕರಣದ ಎರಡೂ ಕಡೆ ಇರುವುದರಿಂದ ಒಂದು ಊಹೆಯಿಂದ ಹೊರಟು, ಬಂದ ಉತ್ತರವನ್ನೇ ಮತ್ತೆ ಹಾಕುತ್ತಾ, ಬದಲಾಗದೆ ನಿಲ್ಲುವವರೆಗೆ ಮಾಡಬೇಕು.

ಥ್ರಾಟಲ್ ಟಾಸ್ಕಿಗೆ ಮಾಡಿ ನೋಡೋಣ. 300ರಿಂದ ಶುರು: ಕರೆಂಟ್ ಲೂಪ್ 3 ಸಲ, 66, ವೇಗ 1 ಸಲ, 140, ಸ್ವಂತ 300. ಒಟ್ಟು 506. ಈಗ 506ರಲ್ಲಿ ಕರೆಂಟ್ ಲೂಪ್ 6 ಸಲ, 132. ಒಟ್ಟು 572. 572ರಲ್ಲೂ 6 ಸಲವೇ. ನಿಂತಿತು: 572 ಮೈ.ಸೆ. ಹೀಗೇ ಮುಂದುವರಿದರೆ ವೇಗದ ಟಾಸ್ಕಿಗೆ 184, ಕ್ಯಾನ್‌ಗೆ 1898, ರಕ್ಷಣೆಗೆ 8674, ಲಾಗಿಗೆ 46,266 ಮೈ.ಸೆ. ಬರುತ್ತದೆ. ಎಲ್ಲವೂ ಡೆಡ್‌ಲೈನಿನೊಳಗೆ. ಸ್ಪ್ರೆಡ್‌ಶೀಟ್ ಸಾಕು. ಟಾಸ್ಕ್ ಮತ್ತು ಲಾಕ್ ಜಾಸ್ತಿಯಾದರೆ ಚೆಡ್ಡಾರ್, ಮಾಸ್ಟ್ ಎಂಬ ಉಚಿತ ಉಪಕರಣಗಳಿವೆ. ಕೈಯಲ್ಲಿ ಒಮ್ಮೆ ಮಾಡಿ ನೋಡದೆ ಅವನ್ನು ತೆರೆಯಬೇಡಿ, ತಪ್ಪು ಅಂಕಿ ಹಾಕಿದರೂ ಅವು ಹಸಿರು ಗುರುತನ್ನೇ ತೋರಿಸುತ್ತವೆ.

ಸ್ಪ್ರೆಡ್‌ಶೀಟ್ ಕೈಲಿದ್ದಾಗ ಅಂಕಿಗಳನ್ನು ಎಳೆದಾಡಿ ನೋಡಿ. ಕರೆಂಟ್ ಲೂಪಿಗೆ ಹೊಸ ವೀಕ್ಷಕ ಲೆಕ್ಕ ಸೇರಿ 22ರಿಂದ 40 ಮೈ.ಸೆ.ಗೆ ಏರಿತೆನ್ನಿ. ಬಳಕೆ 0.95. ರಕ್ಷಣಾ ಟಾಸ್ಕಿನ ಸಮಯ 8.67ರಿಂದ 14.68 ಮಿ.ಸೆ.ಗೆ ಹಿಗ್ಗಿದರೂ 20ರೊಳಗೇ ಇದೆ. ಜಾಗ ಎಲ್ಲಿ ಉಳಿದಿದೆ, ಎಲ್ಲಿಲ್ಲ ಎಂಬುದು ಬಳಕೆಯ ಒಂದೇ ಅಂಕಿಯಿಂದ ತಿಳಿಯುವುದಿಲ್ಲ. ಓಎಸ್ ಟಿಕ್ಕಿನ ಇಂಟರಪ್ಟನ್ನೂ ಒಂದು ಟಾಸ್ಕಿನಂತೆ ಪಟ್ಟಿಗೆ ಸೇರಿಸಿ, ಪ್ರತಿ ಟಾಸ್ಕಿನ ಓಟಕ್ಕೆ ಎರಡು ಅದಲುಬದಲಿನ ಸಮಯ ಸೇರಿಸಿ. ಮೇಲಿನ ಅಂಕಿಗಳಲ್ಲಿ ಸರಳವಾಗಲೆಂದು ಅದನ್ನು ಬಿಟ್ಟಿದೆ.

ಲಾಕ್ ಬಂದ ಮೇಲೆ

ಲಾಗ್ ಟಾಸ್ಕ್ ಮತ್ತು ಥ್ರಾಟಲ್ ಟಾಸ್ಕ್ ಎರಡೂ ಪ್ಯಾರಾಮೀಟರ್ ಕೋಷ್ಟಕ ಮುಟ್ಟುತ್ತವೆ. ಲಾಗ್ ಅದರ ಲಾಕ್ ಹಿಡಿದುಕೊಂಡೇ ಹೊರಗಿನ ಮೆಮೊರಿಗೆ ಬರೆಯುತ್ತದೆ, 3 ಮಿ.ಸೆ. ಹಿಡಿಯುತ್ತದೆ. ಮ್ಯೂಟೆಕ್ಸಿನ ಬದಲು ಬೈನರಿ ಸೆಮಾಫೋರ್ (ಹಿಡಿದವನ ತುರ್ತನ್ನು ಏರಿಸದ ಸಾದಾ ಲಾಕ್) ಬಳಸಿದ್ದರೆ ಥ್ರಾಟಲ್ ಕಾಯುತ್ತಿರುವಾಗ, ಈ ಕೋಷ್ಟಕಕ್ಕೆ ಸಂಬಂಧವೇ ಇಲ್ಲದ ಕ್ಯಾನ್ ಮತ್ತು ರಕ್ಷಣಾ ಟಾಸ್ಕ್‌ಗಳು ನಡುವೆ ನುಗ್ಗಿ ಲಾಗನ್ನು ಕೆಳಗೆ ಕೂರಿಸುತ್ತವೆ. 3, 0.9, 4 ಕೂಡಿದರೆ ಕಾಯುವುದೇ 7.9 ಮಿ.ಸೆ., ಡೆಡ್‌ಲೈನ್ 5. 1997ರ ಜುಲೈನಲ್ಲಿ ಮಂಗಳದ ಮೇಲೆ ಮಾರ್ಸ್ ಪಾತ್‌ಫೈಂಡರ್ ಮತ್ತೆ ಮತ್ತೆ ರೀಸೆಟ್ ಆದದ್ದು ಇದೇ ಪ್ರಯಾರಿಟಿ ಇನ್ವರ್ಷನ್ನಿನಿಂದ, ಅಂದರೆ ತುರ್ತಿನ ಕ್ರಮ ತಲೆಕೆಳಗಾದದ್ದರಿಂದ. ಹವಾಮಾನ ದತ್ತಾಂಶದ ಕೆಳದರ್ಜೆಯ ಟಾಸ್ಕ್ ಮ್ಯೂಟೆಕ್ಸ್ ಹಿಡಿದಿತ್ತು, ನಡುವಿನವು ನುಗ್ಗಿದವು, ಬಸ್ ನಿರ್ವಹಿಸುವ ಟಾಸ್ಕ್ ಹೊತ್ತು ಮೀರಿತು. ಅದರ ಆರ್‌ಟಿಓಎಸ್ ವಿಎಕ್ಸ್‌ವರ್ಕ್ಸ್‌ನಲ್ಲಿ ಆ ಮ್ಯೂಟೆಕ್ಸಿಗೆ ಪ್ರಯಾರಿಟಿ ಇನ್ಹೆರಿಟೆನ್ಸ್ (ಲಾಕ್ ಹಿಡಿದವನಿಗೆ ಕಾಯುವವನ ಪ್ರಯಾರಿಟಿ ಕೊಡುವುದು) ಆಫ್ ಆಗಿತ್ತು. ಭೂಮಿಯಿಂದಲೇ ಆನ್ ಮಾಡಿದರು.

ಈ ಕತೆ ಕೇಳಿದವರು ಇನ್ಹೆರಿಟೆನ್ಸ್ ಆನ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ಆನ್ ಮಾಡಿದ ಮೇಲೂ ಥ್ರಾಟಲ್ 3000 ಮೈ.ಸೆ. ಕಾಯಬಹುದು. 3300ರಿಂದ ಹೊರಟರೆ 4586, 5012, 5262 ಎಂದು ಏರುತ್ತಾ 5000 ದಾಟಿಬಿಡುತ್ತದೆ. ಫೇಲ್. ಲಾಗ್ ಮತ್ತು ಥ್ರಾಟಲ್ ಒಂದೇ ಕ್ಷಣದಲ್ಲಿ ಕೋಷ್ಟಕ ಕೇಳುವುದು ಅಪರೂಪ, ಹಾಗಾಗಿ ಬೆಂಚಿನ ಮೇಲೆ ವಾರವಿಡೀ ಓಡಿಸಿದರೂ ಕಾಣದಿರಬಹುದು.

ಪರಿಹಾರ ಸುಲಭ. ಲಾಕ್ ಹಿಡಿದು ಕೋಷ್ಟಕವನ್ನು ಸ್ಥಳೀಯ ಬಫರಿಗೆ ನಕಲು ಮಾಡಿ, ಬಿಟ್ಟು, ಆಮೇಲೆ ನಿಧಾನಕ್ಕೆ ಬರೆಯಿರಿ. ಲಾಕ್ ಹಿಡಿಯುವುದು 20 ಮೈ.ಸೆ.ಗೆ ಇಳಿಯುತ್ತದೆ. ಥ್ರಾಟಲ್ 592 ಮೈ.ಸೆ. ಇನ್ಹೆರಿಟೆನ್ಸ್ ಇರುವುದರಿಂದ ಆ 20 ನಡುವಿನ ಟಾಸ್ಕ್‌ಗಳಿಗೂ ತಟ್ಟುತ್ತದೆ: ಕ್ಯಾನ್ 1898ರಿಂದ 1940ಕ್ಕೆ ಏರುತ್ತದೆ. 20 ಸೇರಿಸಿದರೆ 42 ಏರಿದ್ದೇಕೆ? 1918 ಆದ ಕೂಡಲೇ 1900ರ ಗಡಿ ದಾಟಿ ಕರೆಂಟ್ ಲೂಪ್ ಇನ್ನೊಂದು ಸಲ ನುಗ್ಗಿತು. ಅಂದಾಜಿಗೆ ಸಿಗದ, ಲೆಕ್ಕಕ್ಕೆ ಮಾತ್ರ ಸಿಗುವ ಏರಿಕೆ ಇದು.

ಫ್ರೀಆರ್‌ಟಿಓಎಸ್‌ನಲ್ಲಿ ಒಂದು ವಿಚಿತ್ರವಿದೆ: ಒಂದೇ ಟಾಸ್ಕ್ ಎರಡು ಮ್ಯೂಟೆಕ್ಸ್ ಹಿಡಿದಿದ್ದರೆ, ಎರಡನ್ನೂ ಬಿಡುವವರೆಗೆ ಏರಿದ ಪ್ರಯಾರಿಟಿ ಇಳಿಯುವುದಿಲ್ಲ. ಲೆಕ್ಕದಲ್ಲಿ ಹೊರಗಿನ ಲಾಕಿನ ಪೂರ್ಣ ಅವಧಿಯನ್ನೇ ಹಿಡಿಯಿರಿ, ಇಲ್ಲವೇ ಒಂದರೊಳಗೊಂದು ಲಾಕ್ ಹಾಕುವುದನ್ನೇ ನಿಷೇಧಿಸಿ. ವಾಹನಗಳಿಗೆಂದೇ ಇರುವ ಓಸೆಕ್ ಮತ್ತು ಆಟೋಸಾರ್ ಓಎಸ್‌ಗಳಲ್ಲಿ ಇರುವ ಸೀಲಿಂಗ್ ಪದ್ಧತಿಯಲ್ಲಿ (ಲಾಕ್ ಹಿಡಿದ ಕೂಡಲೇ ಅದನ್ನು ಬಳಸುವವರ ಅತಿ ದೊಡ್ಡ ಪ್ರಯಾರಿಟಿಗೆ ಏರುವುದು) ಪ್ರತಿ ಓಟಕ್ಕೆ ಹೆಚ್ಚೆಂದರೆ ಒಂದೇ ಸಲ ಕಾಯಬೇಕು, ಡೆಡ್‌ಲಾಕ್ ಆಗುವುದಿಲ್ಲ. ವಿಶ್ಲೇಷಣೆಗೆ ಅದೇ ಲೇಸು.

ತುದಿಯಿಂದ ತುದಿಗೆ

ಸವಾರನಿಗೆ ಟಾಸ್ಕ್‌ಗಳ ಡೆಡ್‌ಲೈನ್ ಗೊತ್ತಿಲ್ಲ. ಥ್ರಾಟಲ್ ಬಿಟ್ಟಾಗ ಟಾರ್ಕ್ ಎಷ್ಟು ಬೇಗ ಇಳಿಯುತ್ತದೆ ಎಂಬುದಷ್ಟೇ ಗೊತ್ತು. ಇತ್ತೀಚಿನ ಮೌಲ್ಯದ ಪೋರ್ಟಿನಿಂದ ಪೋಣಿಸಿದ ಟಾಸ್ಕ್‌ಗಳ ಸರಪಳಿಯಲ್ಲಿ ಗರಿಷ್ಠ ವಿಳಂಬ ಎಂದರೆ ಪ್ರತಿ ಟಾಸ್ಕಿನ ಆವರ್ತ ಮತ್ತು ಪ್ರತಿಕ್ರಿಯಾ ಸಮಯಗಳ ಮೊತ್ತ. ಆವರ್ತ ಯಾಕೆಂದರೆ, ಈ ಟಾಸ್ಕ್ ಓದಿ ಮುಗಿಸಿದ ಮರುಕ್ಷಣವೇ ಹೊಸ ಮೌಲ್ಯ ಬಂದರೆ ಮುಂದಿನ ಸರದಿಯವರೆಗೆ ಅದು ಕೂತಿರುತ್ತದೆ.

ಥ್ರಾಟಲ್, ವೇಗ, ಕರೆಂಟ್ ಲೂಪ್‌ಗಳ 5592, 1184, 122 ಕೂಡಿದರೆ 6898 ಮೈ.ಸೆ. ಪಿಡಬ್ಲ್ಯುಎಂ ರಿಜಿಸ್ಟರ್ ಮುಂದಿನ ಆವರ್ತದಲ್ಲಿ ಜಾರಿಗೆ ಬರುವುದಕ್ಕೆ ಇನ್ನು 100. ಸುಮಾರು 7 ಮಿ.ಸೆ. ಈಗ ಸರ್ಕ್ಯೂಟ್ ನೋಡಿ: ಥ್ರಾಟಲ್ ಇನ್‌ಪುಟ್ಟಿನಲ್ಲಿ 10 ಕಿಲೊಓಮ್, 100 ನ್ಯಾನೊಫ್ಯಾರಡ್ ಇದ್ದರೆ ಕಾಲಸ್ಥಿರಾಂಕ 1 ಮಿ.ಸೆ., ನೆಲೆಗೊಳ್ಳಲು ಸುಮಾರು 5 ಮಿ.ಸೆ. ಅದರ ಮೇಲೆ ಯಾರೋ 8 ಮಾದರಿಗಳ ಚಲಿಸುವ ಸರಾಸರಿ ಹಾಕಿದ್ದರೆ ಅದೊಂದೇ 17.5 ಮಿ.ಸೆ. ವಿಳಂಬ. ಶೆಡ್ಯೂಲಿಂಗಿನಲ್ಲಿ ಮೈಕ್ರೊಸೆಕೆಂಡಿಗೆ ಒದ್ದಾಡಿ ಉಳಿಸಿದ್ದನ್ನು ಒಂದು ಫಿಲ್ಟರ್ ಹತ್ತು ಪಟ್ಟು ನುಂಗುತ್ತದೆ. ಕರಾರು ಪತ್ರದಲ್ಲಿ ಫಿಲ್ಟರಿನ ವಿಳಂಬಕ್ಕೂ ಒಂದು ಸಾಲು ಇರಲಿ.

ಬ್ರೇಕ್ ಸ್ವಿಚ್ ಡ್ಯಾಶ್‌ಬೋರ್ಡಿನ ಘಟಕದಲ್ಲಿದ್ದು ಕ್ಯಾನ್ ಮೂಲಕ ಬರುವುದಾದರೆ ಬಸ್ಸಿನ ಲೆಕ್ಕವೂ ಬೇಕು. 11 ಬಿಟ್ ಗುರುತಿನ, 8 ಬೈಟ್ ಡೇಟಾದ ಫ್ರೇಮ್, ತುರುಕುವ ಬಿಟ್‌ಗಳೆಲ್ಲ ಸೇರಿ ಗರಿಷ್ಠ 135 ಬಿಟ್. ಸೆಕೆಂಡಿಗೆ 500 ಕಿಲೊಬಿಟ್‌ನಲ್ಲಿ 270 ಮೈ.ಸೆ. ಅತಿ ತುರ್ತಿನ ಫ್ರೇಮ್ ಕೂಡ ಆಗಲೇ ಹೊರಟ ಒಂದು ಫ್ರೇಮಿಗೆ ಕಾಯಬೇಕು, ಹಾಗಾಗಿ 540. ಇಲ್ಲೊಂದು ಎಡವುವ ಜಾಗ ಇದೆ: ಈ ಚಿಪ್ಪಿನ ಕ್ಯಾನ್ ಘಟಕಕ್ಕೆ ಕಳಿಸುವ ಪೆಟ್ಟಿಗೆ ಮೂರೇ. ಮೂರರಲ್ಲೂ ಸಾಮಾನ್ಯ ಸಂದೇಶ ತುಂಬಿ, ಬಸ್ಸಿನಲ್ಲಿ ಬೇರೆಯವರ ದಟ್ಟಣೆ ಇದ್ದರೆ, ತುರ್ತು ಸಂದೇಶ ಸಾಫ್ಟ್‌ವೇರ್ ಕ್ಯೂನಲ್ಲೇ ಕೂರುತ್ತದೆ. ಒಂದು ಪೆಟ್ಟಿಗೆಯನ್ನು ತುರ್ತು ಸಂದೇಶಕ್ಕೇ ಮೀಸಲಿಡಿ. ಕಳಿಸುವ ಕ್ರಮ ಗುರುತಿನ ಸಂಖ್ಯೆಯ ಪ್ರಕಾರವೇ ಇದೆಯೇ, ಬಂದ ಸರದಿಯ ಪ್ರಕಾರ ಇದೆಯೇ ಎಂದು ಡ್ರೈವರ್ ಕೋಡಿನಲ್ಲಿ ನೋಡಿ.

ಲೆಕ್ಕ ಸರಿಯಿದ್ದೂ ಕೆಡುವ ಜಾಗಗಳು

ಇಂಟರಪ್ಟ್ ಪ್ರಯಾರಿಟಿ ಮತ್ತು ಟಾಸ್ಕ್ ಪ್ರಯಾರಿಟಿ ತಲೆಕೆಳಗು. ಕಾರ್ಟೆಕ್ಸ್-ಎಂ ಇಂಟರಪ್ಟ್‌ನಲ್ಲಿ ಸಣ್ಣ ಸಂಖ್ಯೆ ಹೆಚ್ಚು ತುರ್ತು, ಫ್ರೀಆರ್‌ಟಿಓಎಸ್ ಟಾಸ್ಕಿನಲ್ಲಿ ದೊಡ್ಡ ಸಂಖ್ಯೆ. ಓಎಸ್ ಕರೆ ಮಾಡಬಹುದಾದ ಇಂಟರಪ್ಟ್‌ಗಳ ಮಿತಿಯನ್ನು 5 ಎಂದಿಟ್ಟರೆ, 0ರಿಂದ 4ರ ಇಂಟರಪ್ಟ್‌ಗಳನ್ನು ಓಎಸ್ ಎಂದೂ ತಡೆಯುವುದಿಲ್ಲ, ಆದರೆ ಅವು ಓಎಸ್‌ನ ಯಾವ ಫಂಕ್ಷನ್ನನ್ನೂ ಕರೆಯುವಂತಿಲ್ಲ. ಕರೆಂಟ್ ಲೂಪಿಗೆ 1 ಕೊಡಿ. ಹಾಗಾದರೆ ಅದು ಹತ್ತು ಸುತ್ತಿಗೊಮ್ಮೆ ವೇಗದ ಟಾಸ್ಕನ್ನು ಎಬ್ಬಿಸುವುದು ಹೇಗೆ? ಬಳಕೆಯಲ್ಲಿಲ್ಲದ ಒಂದು ಇಂಟರಪ್ಟನ್ನು ಪ್ರಯಾರಿಟಿ 6ರಲ್ಲಿಟ್ಟು, ಕರೆಂಟ್ ಲೂಪ್ ಅದನ್ನು ಸಾಫ್ಟ್‌ವೇರಿನಿಂದ ಎತ್ತಲಿ. ಟಾಸ್ಕಿಗೆ ಸೂಚನೆ ಕೊಡುವುದು ಆ ಇಂಟರಪ್ಟಿನ ಕೆಲಸ.

ಒಳಗಿನ ಫ್ಲ್ಯಾಶ್‌ಗೆ ಓಡುತ್ತಿರುವಾಗ ಬರೆಯಬೇಡಿ. ಎಫ್407ರಲ್ಲಿ ಒಂದು ಸೆಕ್ಟರ್ ಅಳಿಸಲು ನೂರಾರು ಮಿಲಿಸೆಕೆಂಡ್, ದೊಡ್ಡ ಸೆಕ್ಟರಿಗೆ ಸೆಕೆಂಡೇ ಹಿಡಿಯುತ್ತದೆ. ಅಷ್ಟು ಹೊತ್ತೂ ಫ್ಲ್ಯಾಶ್‌ನಿಂದ ಕೋಡ್ ಓದಲಾಗದೆ ಪ್ರೊಸೆಸರ್ ನಿಲ್ಲುತ್ತದೆ, ಕರೆಂಟ್ ಲೂಪ್ ಸೇರಿ. ಮೇಲಿನ ಪಟ್ಟಿಯೆಲ್ಲ ಕಸದ ಬುಟ್ಟಿಗೆ. ಲಾಗಿಗೆ ಹೊರಗಿನ ಮೆಮೊರಿ ಇರಲಿ.

64 ಕೆಬಿಯ ಸಿಸಿಎಂ ರ್‍ಯಾಮನ್ನು ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಡೇಟಾ ಸಾಗಿಸುವ ಘಟಕ) ಮುಟ್ಟಲಾರದು. ಅಲ್ಲಿ ಟಾಸ್ಕಿನ ಸ್ಟ್ಯಾಕ್ ಇಡಿ, ಡಿಎಂಎ ಬಫರ್ ಇಡಬೇಡಿ. ಸ್ಟ್ಯಾಕ್ ಎಂದಾಗ ನೆನಪಿಡಿ: ಫ್ರೀಆರ್‌ಟಿಓಎಸ್‌ನಲ್ಲಿ ಅದರ ಗಾತ್ರ ವರ್ಡ್‌ಗಳಲ್ಲಿ, 160 ಎಂದರೆ 640 ಬೈಟ್. ದಶಮಾಂಶ ಗಣಿತ ಮಾಡುವ ಟಾಸ್ಕಿನ ರಿಜಿಸ್ಟರ್‌ಗಳನ್ನು ಅದಲುಬದಲಿನಲ್ಲಿ ಉಳಿಸಿಡಲಿಕ್ಕೇ ಸುಮಾರು 200 ಬೈಟ್ ಹೋಗುತ್ತದೆ.

ಆವರ್ತಕ ಟಾಸ್ಕಿನಲ್ಲಿ ಸಾದಾ ಡಿಲೇ ಬಳಸಿದರೆ ಆವರ್ತಕ್ಕೆ ಓಟದ ಸಮಯ ಸೇರಿ ಜಾರುತ್ತಾ ಹೋಗುತ್ತದೆ. ಇಂಥ ಹೊತ್ತಿನವರೆಗೆ ಮಲಗು ಎನ್ನುವ ಡಿಲೇ-ಅಂಟಿಲ್ ಬಳಸಿ.

ಕಾವಲು ಮತ್ತು ಪರೀಕ್ಷೆ

ವಾಚ್‌ಡಾಗನ್ನು (ಹೊತ್ತಿಗೆ ತಟ್ಟದಿದ್ದರೆ ಚಿಪ್ ರೀಸೆಟ್ ಮಾಡುವ ಕಾವಲು ಟೈಮರ್) ಟೈಮರ್ ಇಂಟರಪ್ಟಿನಿಂದ ತಟ್ಟುವುದು ಅದನ್ನು ಆಫ್ ಮಾಡಿದ್ದಕ್ಕೆ ಸಮ, ಟಾಸ್ಕ್‌ಗಳೆಲ್ಲ ಸತ್ತರೂ ಇಂಟರಪ್ಟ್ ಬರುತ್ತಲೇ ಇರುತ್ತದೆ. ಪ್ರತಿ ಟಾಸ್ಕೂ ತನ್ನ ಸುತ್ತಿನ ಕೊನೆಯಲ್ಲಿ ಒಂದು ಬಿಟ್ ಏರಿಸಲಿ. ಎಲ್ಲ ಬಿಟ್‌ಗಳೂ ಏರಿದ್ದರೆ ಮಾತ್ರ ಮೇಲ್ವಿಚಾರಕ ವಾಚ್‌ಡಾಗ್ ತಟ್ಟಿ, ಬಿಟ್‌ಗಳನ್ನು ಇಳಿಸಲಿ. ಅವಧಿ ಆರಿಸುವಾಗ ಗಮನಿಸಿ: ಈ ಚಿಪ್ಪಿನ ಸ್ವತಂತ್ರ ವಾಚ್‌ಡಾಗ್ ಓಡುವುದು ಒಳಗಿನ 32 ಕಿಲೊಹರ್ಟ್ಜ್ ಆಸಿಲೇಟರಿನಿಂದ, ಅದು ನಿಜಕ್ಕೂ 17ರಿಂದ 47ರವರೆಗೆ ಎಲ್ಲಿ ಬೇಕಾದರೂ ಇರಬಹುದು. 100 ಮಿ.ಸೆ. ಎಂದು ಹಾಕಿದರೆ ಒಂದು ಬೋರ್ಡಿನಲ್ಲಿ 68ಕ್ಕೇ ಕಚ್ಚುತ್ತದೆ, ಇನ್ನೊಂದರಲ್ಲಿ 188ರವರೆಗೆ ಸುಮ್ಮನಿರುತ್ತದೆ. ಲಾಗ್ ಟಾಸ್ಕಿನ ಬಿಟ್ ಏರುವುದೇ 100 ಮಿ.ಸೆ.ಗೊಮ್ಮೆ, ಅದೂ ಎರಡು ಏರಿಕೆಗಳ ನಡುವೆ ಸುಮಾರು 128 ಮಿ.ಸೆ. ಅಂತರ ಬರಬಹುದು. ಹಾಗಾಗಿ 300 ಮಿ.ಸೆ.ಗಿಂತ ಕಡಿಮೆ ಇಡಬೇಡಿ. ಅದಕ್ಕಿಂತ ಬೇಗ ಹಿಡಿಯಬೇಕಾದ ಟಾಸ್ಕಿಗೆ ಮೇಲ್ವಿಚಾರಕನಲ್ಲೇ ಬೇರೆ ಎಣಿಕೆ ಇಡಿ.

ಪ್ರತಿ ಟಾಸ್ಕಿನ ಶುರು-ಕೊನೆಯಲ್ಲಿ ಒಂದು ಪಿನ್ ಏರಿಸಿ ಇಳಿಸಿ, ಲಾಜಿಕ್ ಅನಲೈಸರಿನಲ್ಲಿ ದಾಖಲಿಸಿ. ಕಂಡ ಪ್ರತಿಕ್ರಿಯಾ ಸಮಯ ಲೆಕ್ಕದ ಅಂಕಿಗಿಂತ ಕಡಿಮೆ ಇರಬೇಕು. ಒಂದೇ ಒಂದು ಸಲ ಹೆಚ್ಚು ಕಂಡರೂ ಮಾದರಿಯಲ್ಲಿ ಏನೋ ಬಿಟ್ಟುಹೋಗಿದೆ: ಲೆಕ್ಕಕ್ಕೆ ಬಾರದ ಇಂಟರಪ್ಟ್, ಲೈಬ್ರರಿಯೊಳಗಿನ ಲಾಕ್, ಇಂಟರಪ್ಟ್ ಮುಚ್ಚಿದ ಉದ್ದನೆಯ ತುಂಡು. ಅಂಚು ಹೆಚ್ಚಿಸಿ ಸುಮ್ಮನಾಗದೆ ಅದನ್ನು ಹುಡುಕಿ. ಆಮೇಲೆ ಪ್ರತಿ ಕಾಂಪೊನೆಂಟಿನಲ್ಲೂ ಬೇಕೆಂದೇ ಸಮಯ ತಿನ್ನುವ ಖಾಲಿ ಲೂಪ್ ಸೇರಿಸಿ, ಕರಾರಿನ ಗರಿಷ್ಠದವರೆಗೆ ಉಬ್ಬಿಸಿ ಓಡಿಸಿ. ಎಲ್ಲ ಒಟ್ಟಿಗೆ ಗರಿಷ್ಠದಲ್ಲಿದ್ದಾಗಲೂ ಡೆಡ್‌ಲೈನ್ ಉಳಿಯಬೇಕು. ಬಳಿಕ ಒಂದನ್ನು ಮಾತ್ರ ಗರಿಷ್ಠ ದಾಟಿಸಿ, ಮೊದಲು ಬೀಳುವುದು ಲಾಗೋ ಥ್ರಾಟಲೋ ನೋಡಿ. ಥ್ರಾಟಲ್ ಮೊದಲು ಬಿದ್ದರೆ ಪ್ರಯಾರಿಟಿಯ ಕ್ರಮ ಎಲ್ಲೋ ತಪ್ಪಿದೆ.

ಕಾಂಪೊನೆಂಟ್ ಬದಲಿಸಿದಾಗ ಎಲ್ಲವನ್ನೂ ಮರುಪರೀಕ್ಷೆ ಮಾಡಬೇಕಿಲ್ಲ. ಹೊಸದರ ಕರಾರು ಹಳೆಯದಕ್ಕಿಂತ ಬಿಗಿಯಾಗಿದ್ದರೆ, ಅಂದರೆ ಓಟ ಕಡಿಮೆ ಅಥವಾ ಸಮ, ಲಾಕ್ ಹಿಡಿಯುವುದು ಕಡಿಮೆ ಅಥವಾ ಸಮ, ಔಟ್‌ಪುಟ್ಟಿನ ವ್ಯಾಪ್ತಿ ಹಳೆಯದರೊಳಗೆ, ಆಗ ಸ್ಪ್ರೆಡ್‌ಶೀಟ್ ಹಾಗೇ ನಿಲ್ಲುತ್ತದೆ. ಒಂದು ಅಂಕಿ ಏರಿದರೂ ಆ ಟಾಸ್ಕಿನ ಸಾಲನ್ನೂ ಅದಕ್ಕಿಂತ ಕೆಳಗಿನ ಎಲ್ಲ ಟಾಸ್ಕ್‌ಗಳ ಸಾಲನ್ನೂ, ಲಾಕ್ ಏರಿದ್ದರೆ ಆ ಲಾಕ್ ಬಳಸುವ ಮೇಲಿನವರ ಮತ್ತು ನಡುವಿನವರ ಸಾಲನ್ನೂ ಮತ್ತೆ ಲೆಕ್ಕ ಹಾಕಿ. ಬಿಲ್ಡ್ ಸರ್ವರಿನಲ್ಲೇ ಈ ಲೆಕ್ಕವನ್ನು ಸ್ಕ್ರಿಪ್ಟ್ ಮಾಡಿಟ್ಟು, ಕರಾರು ಪತ್ರ ಬದಲಾದಾಗಲೆಲ್ಲ ಓಡುವಂತೆ ಮಾಡಿ. ಡೆಡ್‌ಲೈನ್ ಮೀರಿದರೆ ಬಿಲ್ಡ್ ಫೇಲ್ ಆಗಲಿ.